ಬ್ರಾಂದಿ ಅಂಗಡಿಯ ಲ್ಯಾಟಿನ್

ಕಳೆದ ಸಂಚಿಕೆಯಲ್ಲಿ ‘ವೈನ್’ ಎಂಬ ಪದ ಲ್ಯಾಟಿನ್ನಿನ ‘ವೀನುಮ್’ನಿಂದ ಬಂದದ್ದೆಂದು ಒಂದೇ ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗಿದ್ದೆ. ಓದುಗರು ಬಿಡಲಿಲ್ಲ. ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಈ ಸಲದ ಅಂಕಣವನ್ನು ಅವಕ್ಕೇ ಬಿಟ್ಟುಕೊಟ್ಟಿದ್ದೇನೆ.

ಪ್ರ: ಮೇಷ್ಟ್ರೇ, ಕುಡಿಯುವ ವೈನ್ ‘ವೀನುಮ್’ನಿಂದ ಬಂತು ಎಂದಿರಿ. ದ್ರಾಕ್ಷಿ ಬಳ್ಳಿಗೆ ಇಂಗ್ಲಿಷಿನವರು ಹೇಳುವ ‘ವೈನ್’ ಕೂಡ ಅದೇ ಮೂಲದ್ದು ಎಂದು ನಿಘಂಟಿನಲ್ಲಿದೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಇಂಗ್ಲಿಷಿನಲ್ಲಿ ಮಾತ್ರ ಒಂದು ‘ಡಬ್ಲ್ಯೂ’ದಿಂದ ಶುರುವಾಗುತ್ತದೆ, ಇನ್ನೊಂದು ‘ವಿ’ಯಿಂದ. ತರಗತಿಯಲ್ಲಿ ಹುಡುಗರು ಕೇಳಿದಾಗ ಉತ್ತರ ಹೊಳೆಯಲಿಲ್ಲ.
— ಪಿಯು ಉಪನ್ಯಾಸಕಿ, ಶಿವಮೊಗ್ಗ

ಉ: ಒಂದೇ ಮನೆಯಿಂದ ಎರಡು ಸಲ ಕಡ ತಂದರೆ ಹೀಗಾಗುತ್ತದೆ. ನಮ್ಮಲ್ಲೇ ನೋಡಿ. ಸಂಸ್ಕೃತದ ‘ವನ’ ಒಮ್ಮೆ ಜನರ ಬಾಯಿಂದ ಬಾಯಿಗೆ ಬಂದು ‘ಬನ’ವಾಯಿತು, ಬನಶಂಕರಿಯಲ್ಲಿ ನೆಲೆಸಿತು. ಇನ್ನೊಮ್ಮೆ ಓದುಬಲ್ಲವರ ಓಲೆಗರಿಯಲ್ಲಿ ಬಂದದ್ದು ‘ವನ’ವಾಗಿಯೇ ಉಳಿಯಿತು. ಇಂಥ ರೂಪಾಂತರಗಳಿಗೆಂದೇ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅಪಭ್ರಂಶ ಪ್ರಕರಣ ಬರೆದ. ಇಂಗ್ಲಿಷಿನಲ್ಲಿ ನಡೆದದ್ದೂ ಹೆಚ್ಚುಕಡಿಮೆ ಇದೇ. ವ್ಯತ್ಯಾಸವೆಂದರೆ, ಎರಡು ಸಾಲಗಳ ನಡುವೆ ಅಲ್ಲಿ ಮಗುಚಿಕೊಂಡದ್ದು ಸಾಲ ಕೊಟ್ಟವರ ನಾಲಿಗೆ.

ಸೀಸರನ ಕಾಲದ ರೋಮನ್ನರು ‘ವೀನುಮ್’ ಎನ್ನುವಾಗ ಕೆಳತುಟಿಯನ್ನು ಮೇಲಿನ ಹಲ್ಲಿಗೆ ತಾಗಿಸುತ್ತಿರಲಿಲ್ಲ. ತುಟಿ ಗುಂಡಗೆ ಮಾಡಿ, ‘ಉ’ದಿಂದ ಹೊರಟು ಜಾರಿಸಿ, ‘ಉಈನುಮ್’ ಎಂಬಂತೆ ಹೇಳುತ್ತಿದ್ದರು. ಬರವಣಿಗೆಯಲ್ಲೂ ಅವರಿಗೆ ಉ ಮತ್ತು ವ ಎರಡಕ್ಕೂ ಒಂದೇ ಅಕ್ಷರ ಸಾಕಾಗಿತ್ತು. ಕಲ್ಲಿನ ಮೇಲೆ ಈ ಪದವನ್ನು ಕೆತ್ತಿದರೆ ಮೊದಲಿನ ವಕಾರಕ್ಕೂ ಕೊನೆಯ ಉಕಾರಕ್ಕೂ ಈಗಿನ ಇಂಗ್ಲಿಷ್ ‘ವಿ’ಯ ಆಕಾರವೇ.

ಎರಡು ಸಾವಿರ ವರ್ಷದ ಹಿಂದಿನ ಉಚ್ಚಾರವನ್ನು ಕೇಳಿಸಿಕೊಂಡವರಾರು ಎಂದು ಹುಡುಗರು ಮುಂದಿನ ಪ್ರಶ್ನೆ ಹಾಕಿಯೇ ಹಾಕುತ್ತಾರೆ. ಅದಕ್ಕೆ ರೋಮನ್ ವಾಗ್ಮಿ ಸಿಸೆರೊ ಬರೆದಿಟ್ಟ ಒಂದು ಪ್ರಸಂಗ ಹೇಳಿ. ಕ್ರಾಸ್ಸಸ್ ಎಂಬ ಸೇನಾನಿ ಪಾರ್ಥಿಯನ್ನರ ಮೇಲೆ ದಂಡೆತ್ತಿ ಹೊರಟು, ಬ್ರುಂಡಿಸಿಯಮ್ ಬಂದರಿನಲ್ಲಿ ಸೈನ್ಯವನ್ನು ಹಡಗಿಗೆ ಹತ್ತಿಸುತ್ತಿದ್ದ. ಅಲ್ಲೊಬ್ಬ ‘ಕೌನೆಯಾಸ್, ಕೌನೆಯಾಸ್’ ಎಂದು ಕೂಗುತ್ತ ಹಣ್ಣು ಮಾರುತ್ತಿದ್ದ. ಕೌನಸ್ ಎಂಬ ಊರಿನ ಅಂಜೂರ ಅದು. ಆ ಕೂಗು ‘ಎಚ್ಚರ, ಹೋಗಬೇಡ’ ಎಂಬರ್ಥದ ‘ಕವೆ ನೆ ಎಯಾಸ್’ ಎಂಬ ಲ್ಯಾಟಿನ್ ಮಾತಿನ ಹಾಗೆಯೇ ಕೇಳಿಸುತ್ತದೆ. ಕ್ರಾಸ್ಸಸ್ ಹೋದ, ಕ್ರಿ.ಪೂ. 53ರ ಯುದ್ಧದಲ್ಲಿ ಸತ್ತ. ಸಿಸೆರೊ ಈ ಶಕುನವನ್ನು ನಂಬದೆ ಗೇಲಿ ಮಾಡುತ್ತಾನೆ. ಆದರೆ ಭಾಷಾಶಾಸ್ತ್ರಜ್ಞರಿಗೆ ಆ ಹಣ್ಣಿನವನಿಂದ ಆದ ಉಪಕಾರ ದೊಡ್ಡದು. ‘ಕೌ’ ಮತ್ತು ‘ಕವೆ’ ಕಿವಿಗೆ ಒಂದೇ ಆಗಬೇಕಾದರೆ ಆ ‘ವ’ ಉಕಾರದ ಪಕ್ಕದ ಮನೆಯಲ್ಲೇ ಇದ್ದಿರಬೇಕು.

ಆ ಉಚ್ಚಾರ ಚಾಲ್ತಿಯಲ್ಲಿದ್ದಾಗಲೇ ರೋಮನ್ ವ್ಯಾಪಾರಿಗಳು ಎರಡು ಹಿಡಿಯ ಮಣ್ಣಿನ ಜಾಡಿಗಳಲ್ಲಿ ಸರಕು ತುಂಬಿಕೊಂಡು ಉತ್ತರದ ಬುಡಕಟ್ಟುಗಳ ಕಡೆ ಹೋದರು. ಎಲ್ಲರೂ ಬಾಗಿಲು ತೆರೆಯಲಿಲ್ಲ. ಸ್ವೇಬಿ ಎಂಬ ಜರ್ಮಾನಿಕ್ ಜನ ಇದರಿಂದ ಗಂಡಸರು ಮೆತ್ತಗಾಗುತ್ತಾರೆಂದು ತಮ್ಮ ನಾಡಿನೊಳಗೆ ಬಿಡುತ್ತಲೇ ಇರಲಿಲ್ಲವೆಂದು ಸೀಸರ್ ಬರೆದಿದ್ದಾನೆ. ಉಳಿದವರು ಸರಕನ್ನೂ ಹೆಸರನ್ನೂ ಒಟ್ಟಿಗೇ ಇಳಿಸಿಕೊಂಡರು. ಹಳೆಯ ಇಂಗ್ಲಿಷಿನ ‘ವೀನ್’ ಹೀಗೆ ಬಂದದ್ದು, ಗುಂಡುತುಟಿಯ ‘ವ’ದೊಂದಿಗೆ. ವೆಲ್ಶ್ ಭಾಷೆಯಲ್ಲಿ ಅದೇ ‘ಗ್ವೀನ್’ ಆಯಿತು. ಗೋಡೆಗೆ ಇಂಗ್ಲಿಷಿನವರು ಹೇಳುವ ‘ವಾಲ್’ ಕೂಡ ಇದೇ ಕಾಲದ ಲ್ಯಾಟಿನ್ ಸಾಲ, ಮೂಲ ‘ವಲ್ಲುಮ್’.

ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಲ್ಯಾಟಿನ್ನಿನ ಆ ‘ವ’ ಗಡುಸಾಗತೊಡಗಿತು. ಫ್ರೆಂಚ್, ಇಟಾಲಿಯನ್ ಹುಟ್ಟುವ ಹೊತ್ತಿಗೆ ಅದು ಹಲ್ಲು ತಾಗುವ ‘ವ’. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚಿನ ಮೂಲಕ ಅದೇ ಮನೆತನದ ಪದಗಳು ಎರಡನೇ ಸಲ ಬಂದವು: ದ್ರಾಕ್ಷಿ ತೋಟಕ್ಕೆ ಲ್ಯಾಟಿನ್ನರು ಹೇಳುತ್ತಿದ್ದ ‘ವೀನೆಯ’ದಿಂದ ಬಳ್ಳಿಯ ‘ವೈನ್’, ಅದರ ಜೊತೆ ವಿನೆಗರ್, ವಿಂಟೇಜ್. ಹಾಗಾಗಿ ನಿಮ್ಮ ಹುಡುಗರು ‘ಡಬ್ಲ್ಯೂ’ ನೋಡಿದರೆ ರೋಮನ್ ವ್ಯಾಪಾರಿಯನ್ನೂ ‘ವಿ’ ನೋಡಿದರೆ ನಾರ್ಮನ್ ದೊರೆಯನ್ನೂ ನೆನೆಯಲಿ.

ಇನ್ನೊಂದು ಮಾತು. ಹಳೆಯ ‘ವೀನ್’ ಇಂಗ್ಲಿಷಿನಲ್ಲಿ ‘ವೈನ್’ ಆದದ್ದು 15ನೇ ಶತಮಾನದಿಂದ ಮುಂದೆ, ಆ ಭಾಷೆಯ ದೀರ್ಘಸ್ವರಗಳೆಲ್ಲ ಜಾಗ ಬದಲಿಸಿದಾಗ. ಕನ್ನಡಕ್ಕೆ ಸಿಕ್ಕಿದ್ದು ಇಂಗ್ಲಿಷರ ಬಾಯಿಂದ ಬಂದ ಈ ಹೊಸ ರೂಪ. ಮಲಯಾಳಿಗಳು ಅವರಿಗಿಂತ ಮೊದಲೇ ಪೋರ್ಚುಗೀಸರ ‘ವೀನ್ಯು’ವನ್ನು ಕೇಳಿ ‘ವೀಞ್ಞ್’ ಮಾಡಿಕೊಂಡಿದ್ದರು. ಈ ವಿಷಯದಲ್ಲಿ ಕೇರಳದವರೇ ರೋಮಿಗೆ ನಮಗಿಂತ ಹತ್ತಿರ.

ಪ್ರ: ಮಾನ್ಯರೇ, ವೈನ್ ಎಂಬುದು ಋಗ್ವೇದದ ‘ವೇನ’ ಶಬ್ದದಿಂದ ಹುಟ್ಟಿದ್ದು, ಲ್ಯಾಟಿನ್ನರು ನಮ್ಮಿಂದಲೇ ಪಡೆದರು ಎಂಬ ಸಂದೇಶ ವಾಟ್ಸ್ಆಪ್‌ನಲ್ಲಿ ಓಡಾಡುತ್ತಿದೆ. ನಿಜವೇ? ಅಲ್ಲವಾದರೆ ಲ್ಯಾಟಿನ್ನರಿಗೆ ಎಲ್ಲಿಂದ ಬಂತು?
— ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಉ: ‘ವೇನ’ ಋಗ್ವೇದದಲ್ಲಿದೆ. ಹಂಬಲಿಸುವವನು, ಪ್ರೀತಿಸುವವನು ಎಂಬುದು ಅದರ ಅರ್ಥ. ಅದನ್ನು ದ್ರಾಕ್ಷಿಯ ಜೊತೆ ಕಟ್ಟಿಹಾಕಲು ದಾರ ಸಿಗುವುದಿಲ್ಲ. ಎರಡು ಪದಗಳು ಒಂದೇ ರೀತಿ ಕೇಳಿಸಿದ ಮಾತ್ರಕ್ಕೆ ಸಂಬಂಧ ಬೆಳೆಸುವುದಾದರೆ ನಮ್ಮ ‘ಮನೆ’ ಮತ್ತು ಇಂಗ್ಲಿಷರ ‘ಮನಿ’ಗೂ ಮದುವೆ ಮಾಡಬಹುದು.

ಲ್ಯಾಟಿನ್ನಿನ ಆಚೆಗೆ ಹೋದರೆ ವಿಷಯ ಸ್ವಾರಸ್ಯವಾಗುತ್ತದೆ. ಗ್ರೀಕರು ‘ಒಯ್ನೊಸ್’ ಎನ್ನುತ್ತಿದ್ದರು, ಅದಕ್ಕೂ ಹಿಂದೆ ‘ವೊಯ್ನೊಸ್’. ಇಂದಿನ ಟರ್ಕಿಯ ನೆಲದಲ್ಲಿ ಬಾಳಿದ ಹಿಟೈಟರಲ್ಲಿ ‘ವಿಯನ’ ಇತ್ತು. ಆರ್ಮೇನಿಯನ್ನಿನಲ್ಲಿ ‘ಗಿನಿ’, ಜಾರ್ಜಿಯನ್ನಿನಲ್ಲಿ ‘ಘ್ವಿನೊ’, ಹೀಬ್ರೂವಿನಲ್ಲಿ ‘ಯಾಯಿನ್’. ಇವುಗಳಲ್ಲಿ ಮೊದಲ ಮೂರು ಸಂಸ್ಕೃತ, ಲ್ಯಾಟಿನ್‌ಗಳ ದೊಡ್ಡ ಕುಟುಂಬಕ್ಕೆ ಸೇರಿದ ಭಾಷೆಗಳು. ಜಾರ್ಜಿಯನ್, ಹೀಬ್ರೂ ಎರಡೂ ಬೇರೆ ಬೇರೆ ಕುಟುಂಬದವು. ಅಂದರೆ ಪದ ಬೇಲಿ ದಾಟಿ ಓಡಾಡಿದೆ. ಯಾರ ಅಂಗಳದಿಂದ ಹೊರಟಿತು ಎಂಬುದರಲ್ಲಿ ವಿದ್ವಾಂಸರ ನಡುವೆ ಎರಡು ಪಕ್ಷಗಳಿವೆ.

ಒಂದು ಪಕ್ಷದವರು ‘ಸುತ್ತು, ಹೆಣೆ’ ಎಂಬರ್ಥದ ಪುರಾತನ ಧಾತುವೊಂದನ್ನು ತೋರಿಸುತ್ತಾರೆ. ಬಳ್ಳಿಗೆ ಲ್ಯಾಟಿನ್ನಿನಲ್ಲಿ ‘ವೀತಿಸ್’, ಅದು ಸುತ್ತಿಕೊಳ್ಳುವಂಥದ್ದು. ಬಳ್ಳಿಯ ಹೆಸರಿನ ಮಗ್ಗುಲಿನಿಂದಲೇ ಬಳ್ಳಿಯ ರಸದ ಹೆಸರೂ ಬಂತು ಎಂಬುದು ಇವರ ವಾದ. ‘ವೀತಿಸ್’ಗೆ ಸಂಸ್ಕೃತದಲ್ಲಿ ಹೇಳುವ ನೆಂಟ ‘ವೇತಸ’, ಬಾಗುವ ಜೊಂಡು-ಬೆತ್ತದ ಜಾತಿ. ಅದರ ಒಡಹುಟ್ಟು ‘ವೇತ್ರ’ವೇ ಕನ್ನಡದಲ್ಲಿ ‘ಬೆತ್ತ’. ನಿಮ್ಮ ವಾಟ್ಸ್ಆಪ್ ಗೆಳೆಯರಿಗೆ ಸಂಸ್ಕೃತದ ನಂಟು ಬೇಕೇ ಬೇಕೆಂದಿದ್ದರೆ ಇದನ್ನು ಕಳಿಸಿ: ಮೇಷ್ಟರ ಬೆತ್ತ, ದ್ರಾಕ್ಷಿಯ ಬಳ್ಳಿ ದೂರದ ದಾಯಾದಿಗಳು.

ಎರಡನೇ ಪಕ್ಷದವರು ಭಾಷೆಯನ್ನು ಬದಿಗಿಟ್ಟು ಮಡಕೆ ಚೂರುಗಳ ಕಡೆ ಕೈ ತೋರಿಸುತ್ತಾರೆ. ಜಾರ್ಜಿಯಾದ ಗದಚ್ರಿಲಿ ಗೋರಾ ಮತ್ತು ಶುಲವೇರಿಸ್ ಗೋರಾ ಎಂಬ ದಿಬ್ಬಗಳಲ್ಲಿ ಸಿಕ್ಕ ಮಡಕೆಗಳ ಒಳಮೈಯಲ್ಲಿ ದ್ರಾಕ್ಷಿಯ ಗುರುತಾದ ಟಾರ್ಟಾರಿಕ್ ಆಮ್ಲ ಇಳಿದಿದೆಯೆಂದು 2017ರಲ್ಲಿ ಪ್ರಕಟವಾಯಿತು. ಅವುಗಳ ಕಾಲ ಸುಮಾರು ಕ್ರಿ.ಪೂ. 6000. ಆರ್ಮೇನಿಯಾದ ಅರೆನಿ ಗುಹೆಯಲ್ಲಿ ದ್ರಾಕ್ಷಿ ತುಳಿಯುವ ತೊಟ್ಟಿಯೇ ಸಿಕ್ಕಿದೆ, ಅದು ಕ್ರಿ.ಪೂ. 4000ದ ಆಸುಪಾಸಿನದು. ವಿದ್ಯೆ ಕಕೇಶಸ್ ಪರ್ವತದ ತಪ್ಪಲಿನದಾದರೆ ಪದವೂ ಅಲ್ಲಿಯದೇ ಇರಬಾರದೇಕೆ ಎಂಬುದು ಇವರ ಪ್ರಶ್ನೆ. ನನಗೆ ಮೊದಲ ಪಕ್ಷದ ಕಡೆ ಒಲವು; ‘ವೀತಿಸ್’ ಮತ್ತು ‘ವೀನುಮ್’ ಇಷ್ಟು ಹತ್ತಿರ ಕೂತಿರುವಾಗ ಅದನ್ನು ಆಕಸ್ಮಿಕ ಎನ್ನಲು ಮನಸ್ಸು ಒಪ್ಪುವುದಿಲ್ಲ. ಹಾಗೆಂದು ಜಾರ್ಜಿಯನ್ನರೆದುರು ಪಟ್ಟು ಹಿಡಿಯುವುದಿಲ್ಲ. ಅವರು ಇಂದಿಗೂ ಮೊಟ್ಟೆಯಾಕಾರದ ಗುಡಾಣಗಳನ್ನು ನೆಲದಲ್ಲಿ ಹೂತಿಟ್ಟು ಅದರಲ್ಲೇ ರಸ ಹುದುಗಿಸುವವರು. ಆ ಪದ್ಧತಿ 2013ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು.

ಪ್ರ: ಸರ್, ನಮ್ಮ ಬಡಾವಣೆಯ ‘ವೈನ್ಸ್’ ಬೋರ್ಡಿನ ಅಂಗಡಿಗೆ ಹೋಗಿ ವೈನ್ ಕೇಳಿದೆ. ‘ಅದೆಲ್ಲ ಇಡಲ್ಲ ಸಾರ್’ ಎಂದರು. ಇದಕ್ಕೆ ಲ್ಯಾಟಿನ್ನಿನಲ್ಲಿ ಏನಾದರೂ ಪರಿಹಾರ ಇದೆಯೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉ: ಪರಿಹಾರ ಗೊತ್ತಿಲ್ಲ, ಸಮಾಧಾನ ಇದೆ. ಊರ ಕಡೆ ಅದೇ ಅಂಗಡಿಯನ್ನು ಬ್ರಾಂದಿ ಅಂಗಡಿ ಎನ್ನುತ್ತಾರಲ್ಲ, ಆ ಬ್ರಾಂದಿಯೊಳಗೆ ವೈನ್ ಅಡಗಿ ಕೂತಿದೆ. ಡಚ್ಚರು ದ್ರಾಕ್ಷಾರಸವನ್ನು ಬಟ್ಟಿ ಇಳಿಸಿ ಅದಕ್ಕೆ ‘ಬ್ರಾಂದೆವೈನ್’, ಅಂದರೆ ‘ಸುಟ್ಟ ವೈನ್’, ಎಂದು ಹೆಸರಿಟ್ಟರು. ಇಂಗ್ಲಿಷರು 17ನೇ ಶತಮಾನದಲ್ಲಿ ಬಾಲ ಕತ್ತರಿಸಿ ‘ಬ್ರಾಂದಿ’ ಉಳಿಸಿಕೊಂಡರು. ಬೋರ್ಡಿನಲ್ಲಿ ವೈನ್, ಸೀಸೆಯ ಮೇಲೆ ಸುಟ್ಟ ವೈನ್. ಒಳಗಿರುವುದು ಮಾತ್ರ ನಮ್ಮಲ್ಲಿ ಬಹುಮಟ್ಟಿಗೆ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಇಳಿಸಿದ ಸ್ಪಿರಿಟ್. ಮಂಡ್ಯದ ಕಬ್ಬು ರೋಮಿನ ಹೆಸರಿನಲ್ಲಿ ಮಾರಾಟವಾಗುತ್ತಿದೆ ಎಂದುಕೊಳ್ಳಿ.

ಈ ಅಂಗಡಿಗಳಿಗೆ ಅಬಕಾರಿ ಇಲಾಖೆ ಕೊಡುವ ಲೈಸೆನ್ಸು ಸಿಎಲ್-2. ಅದರ ಗಿರಾಕಿಗಳು ಕೇಳುವುದು ವಿಸ್ಕಿ, ಬ್ರಾಂದಿ, ರಮ್ಮು. ನಿಜವಾದ ವೈನ್‌ಗಾಗಿ ರಾಜ್ಯ ಸರ್ಕಾರ 2007ರಲ್ಲಿ ಪ್ರತ್ಯೇಕ ನೀತಿ ತಂದಿತು. ನಂದಿ ಬೆಟ್ಟದ ಸುತ್ತಲಿನ ತೋಟಗಳ ವೈನ್ ದೊಡ್ಡ ಮಾಲ್‌ಗಳ ಮಳಿಗೆಗಳಲ್ಲಿ ಸಿಗುತ್ತದೆ. ಆ ಮಳಿಗೆಯ ಬೋರ್ಡಿನಲ್ಲಿ ಏನೆಂದು ಬರೆದಿದೆ ಎಂದು ನೋಡಿ ಬಂದು ನನಗೆ ತಿಳಿಸಿ.

ಪ್ರ: ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಮದ್ಯದ ಬಗ್ಗೆ ಅಂಕಣವೇ? ದ್ರಾಕ್ಷಿಯ ಹೆಂಡ ಪರದೇಶದ ಚಟ. ನಮ್ಮ ಶಾಸ್ತ್ರಗಳಿಗೆ ಅದರ ಗಂಧವೂ ಇರಲಿಲ್ಲ.
— ಓದುಗರು, ಸಾಗರ

ಉ: ಗಂಧವೂ ಇತ್ತು, ದರ್ಜೆಯೂ ಇತ್ತು. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷನ ಅಧ್ಯಾಯ ತೆರೆದರೆ, ದ್ರಾಕ್ಷಿಯ ರಸದಿಂದಾದದ್ದಕ್ಕೆ ‘ಮಧು’ ಎಂದು ಹೆಸರು, ಅದು ಬರುವ ಸೀಮೆಯನ್ನು ಹಿಡಿದು ‘ಕಾಪಿಶಾಯನ’, ‘ಹಾರಹೂರಕ’ ಎಂದು ವಿವರಣೆ. ಕಾಪಿಶಿ ಎಂದರೆ ಕಾಬೂಲಿನ ಉತ್ತರಕ್ಕಿರುವ ಬೇಗ್ರಾಮ್ ಪ್ರದೇಶ. ಪಾಣಿನಿ ಕೂಡ ಆ ಊರಿನ ಹೆಸರಿನಿಂದ ‘ಕಾಪಿಶಾಯನ’ ರೂಪ ಸಾಧಿಸಲು ಒಂದು ಸೂತ್ರವನ್ನೇ ಖರ್ಚು ಮಾಡಿದ್ದಾನೆ. ಊರಿನ ಹೆಸರಿನಲ್ಲಿ ವೈನ್ ಮಾರುವುದು ಫ್ರಾನ್ಸಿನವರು ಕಂಡುಹಿಡಿದದ್ದೇನೂ ಅಲ್ಲ.

ಗ್ರೀಕರಲ್ಲಿ ಈ ‘ಮಧು’ವಿನ ಸೋದರ ‘ಮೆಥು’, ಅರ್ಥ ವೈನ್. ಇಂಗ್ಲಿಷಿನಲ್ಲಿ ‘ಮೀಡ್’, ಜೇನಿನಿಂದ ಮಾಡಿದ ಮದ್ಯ. ಲ್ಯಾಟಿನ್ನಿನಲ್ಲಿ ಮಾತ್ರ ಈ ಸಂತಾನ ಉಳಿಯಲಿಲ್ಲ, ‘ವೀನುಮ್’ ಇಡೀ ಜಾಗವನ್ನು ಆಕ್ರಮಿಸಿಕೊಂಡಿತು. ನಿಮ್ಮ ಮಾತಿನಲ್ಲಿ ಒಂದಂಶ ಸರಿ. ಅಚ್ಚಗನ್ನಡದಲ್ಲಿ ಕಳ್ಳು, ಹೆಂಡ ಇವೆ. ಅವು ಈಚಲು, ತೆಂಗು, ತಾಳೆಯ ಸೊತ್ತು. ದ್ರಾಕ್ಷಿಗೂ ಅದರ ರಸಕ್ಕೂ ನಾವು ಸಂಸ್ಕೃತದ ಮೊರೆ ಹೋಗಬೇಕಾಯಿತು. ಔಷಧಿ ಅಂಗಡಿಯ ದ್ರಾಕ್ಷಾರಿಷ್ಟ ನಿಮ್ಮ ಮನೆಯಲ್ಲೂ ಇದ್ದೀತು. ಅದೂ ಹುದುಗು ಬಂದದ್ದೇ.

ಪ್ರ: ಮಾನ್ಯರೇ, ಕನ್ನಡ ಬೈಬಲ್ಲಿನಲ್ಲಿ ಕಾನಾ ಊರಿನ ಮದುವೆಯಲ್ಲಿ ನೀರು ‘ದ್ರಾಕ್ಷಾರಸ’ವಾಯಿತು ಎಂದಿದೆ. ಇದು ಜ್ಯೂಸೋ ವೈನೋ ಎಂದು ನಮ್ಮ ಯುವಕರ ಸಂಘದಲ್ಲಿ ಚರ್ಚೆ ಎದ್ದಿದೆ. ಲ್ಯಾಟಿನ್ ಏನು ಹೇಳುತ್ತದೆ?
— ಚರ್ಚ್ ಗಾಯನ ಮಂಡಳಿಯ ಸದಸ್ಯೆ, ಮಂಗಳೂರು

ಉ: ಗ್ರೀಕ್ ಮೂಲದಲ್ಲಿ ‘ಒಯ್ನೊಸ್’, ಲ್ಯಾಟಿನ್ ಬೈಬಲ್ಲಿನಲ್ಲಿ ‘ವೀನುಮ್’. ಎರಡೂ ಹುದುಗಿದ್ದನ್ನೇ ಹೇಳುತ್ತವೆ. ಹಿಂಡಿದ ಹಸಿ ರಸಕ್ಕೆ ಲ್ಯಾಟಿನ್ನರಲ್ಲಿ ಬೇರೆ ಪದವೇ ಇತ್ತು, ‘ಮುಸ್ತುಮ್’. ಕನ್ನಡದ ‘ರಸ’ ಎರಡಕ್ಕೂ ಒಗ್ಗುತ್ತದಾದ್ದರಿಂದ ನಿಮ್ಮ ಸಂಘದಲ್ಲಿ ಜಗಳಕ್ಕೆ ಆಸ್ಪದವಾಗಿದೆ.

ಈ ವ್ಯತ್ಯಾಸ ಪಂಡಿತರ ತಲೆಹರಟೆಯೇನೂ ಅಲ್ಲ. ಕ್ಯಾಥೊಲಿಕ್ ಚರ್ಚಿನ ಕಾನೂನು ಸಂಹಿತೆಯ 924ನೇ ವಿಧಿಯ ಪ್ರಕಾರ ಬಲಿಪೂಜೆಗೆ ಬೇಕಾದದ್ದು ದ್ರಾಕ್ಷಿಯಿಂದಲೇ ಆದ, ಕೆಡದ, ಸ್ವಾಭಾವಿಕ ವೀನುಮ್. ಮದ್ಯ ಮುಟ್ಟಬಾರದ ಸ್ಥಿತಿಯಲ್ಲಿರುವ ಪಾದ್ರಿಗಳೇನು ಮಾಡಬೇಕು ಎಂಬ ಪ್ರಶ್ನೆಗೆ ವ್ಯಾಟಿಕನ್ 2003ರಲ್ಲಿ ಕೊಟ್ಟ ಉತ್ತರದಲ್ಲಿ ‘ಮುಸ್ತುಮ್’ ಪದವೇ ಇದೆ: ಘನೀಕರಿಸಿಯೋ ಮತ್ತೊಂದು ರೀತಿಯಲ್ಲೋ ಹುದುಗನ್ನು ತಡೆದ, ಆದರೆ ಸ್ವಭಾವ ಬದಲಾಗದ ರಸವನ್ನು ಅನುಮತಿ ಪಡೆದು ಬಳಸಬಹುದು. ರೋಮನ್ ರೈತರ ಎರಡು ಪದಗಳು ಇನ್ನೂ ಕಾನೂನಾಗಿ ದುಡಿಯುತ್ತಿವೆ. ಪ್ರಾಟೆಸ್ಟೆಂಟರಲ್ಲಿ ಕತೆ ಬೇರೆ. 1869ರಲ್ಲಿ ಅಮೆರಿಕದ ಥಾಮಸ್ ವೆಲ್ಚ್ ಎಂಬ ಮೆಥಡಿಸ್ಟ್ ದಂತವೈದ್ಯರು ದ್ರಾಕ್ಷಿರಸವನ್ನು ಕಾಯಿಸಿ ಹುದುಗದಂತೆ ಸೀಸೆಗೆ ತುಂಬುವ ಉಪಾಯ ಹೂಡಿದ್ದೇ ಪ್ರಭುಭೋಜನದ ಬಟ್ಟಲಿನಿಂದ ಮದ್ಯವನ್ನು ದೂರವಿಡಲು. ಅವರಿದ್ದ ಊರಿನ ಹೆಸರು ವೈನ್‌ಲ್ಯಾಂಡ್. ಬಳ್ಳಿಯ ‘ವಿ’, ಪಾನೀಯದ ‘ಡಬ್ಲ್ಯೂ’ ಅಲ್ಲ.

ಪ್ರ: ಮೇಡಂ ಹೇಳಿಕೊಟ್ಟ ಇಂಗ್ಲಿಷ್ ಪದಗಳಲ್ಲಿ ‘ಅಬ್‌ಸ್ಟೀಮಿಯಸ್’ ಎಂಬುದು ಬಂತು. ಊಟ, ಕುಡಿತದಲ್ಲಿ ಮಿತವಾಗಿರುವವರು ಎಂದು ಅರ್ಥ. ಇದರಲ್ಲಿ ವೈನ್ ಇದೆ ಎಂದು ಅವರು ಹೇಳಿದರು. ಎಲ್ಲಿದೆ?
— ಬಿ.ಎ. ವಿದ್ಯಾರ್ಥಿನಿ, ಕಲಬುರಗಿ

ಉ: ‘ವೀನುಮ್’ ಇಲ್ಲ, ಅದಕ್ಕಿಂತ ಹಳೆಯ ಗುರುತಿನದು ಇದೆ. ಲ್ಯಾಟಿನ್ನಿನಲ್ಲಿ ಮದ್ಯಕ್ಕೆ ‘ತೇಮೇತುಮ್’ ಎಂಬ ಪುರಾತನ ಪದವಿತ್ತು. ಸಿಸೆರೊನ ಕಾಲಕ್ಕಾಗಲೇ ಅದು ಅಜ್ಜನ ಕಾಲದ ಮಾತು. ‘ಅಬ್ಸ್’ ಎಂದರೆ ದೂರ. ತೇಮೇತುಮ್‌ನಿಂದ ದೂರವಿರುವವರು ‘ಅಬ್ಸ್‌ತೇಮಿಯಸ್’. ತೇಮೇತುಮ್‌ನ ಮೂಲವನ್ನು ಸಂಸ್ಕೃತದ ‘ತಮಸ್’, ‘ತಾಮ್ಯತಿ’ಗಳ ಜೊತೆ ಸೇರಿಸುವವರಿದ್ದಾರೆ: ಮಂಕು ಕವಿಯುವುದು, ಉಸಿರು ಕುಗ್ಗುವುದು. ಕುಡಿದವರನ್ನು ನೋಡಿದರೆ ಒಪ್ಪಬಹುದೆನಿಸುತ್ತದೆ.

ನಿಮಗೆ ಈ ಪದದ ಇನ್ನೊಂದು ಮುಖ ಗೊತ್ತಿರಬೇಕು. ಹಳೆಯ ರೋಮಿನಲ್ಲಿ ಹೆಂಗಸರು ಬಾಳಿನುದ್ದಕ್ಕೂ ‘ಅಬ್ಸ್‌ತೇಮಿಯೆ’ ಆಗಿರಬೇಕಿತ್ತು ಎಂದು ರೋಮನ್ ಲೇಖಕ ಔಲಸ್ ಗೆಲಿಯಸ್ ಬರೆದಿದ್ದಾನೆ. ನೆಂಟರು ಮನೆಯ ಹೆಣ್ಣುಮಕ್ಕಳಿಗೆ ಮುತ್ತಿಡುವ ರೂಢಿ ಇತ್ತು, ವಾತ್ಸಲ್ಯದಿಂದಲ್ಲ, ಬಾಯಿಯ ವಾಸನೆ ನೋಡಲು. ಇದಕ್ಕೆ ಇನ್ನೊಬ್ಬ ರೋಮನ್ ಲೇಖಕ ಪ್ಲಿನಿ ಕೊಡುವ ಸಾಕ್ಷಿ ಹಳೆಯ ರಾಜಕಾರಣಿ ಕೇಟೊ. ಪ್ಲಿನಿಯ ‘ನಿಸರ್ಗ ಚರಿತ್ರೆ’ಯ ಹದಿನಾಲ್ಕನೇ ಸಂಪುಟದಲ್ಲಿ ಇನ್ನೂ ಕರಾಳ ಕಥೆಗಳಿವೆ. ಕೊಪ್ಪರಿಗೆಯಿಂದ ಕುಡಿದಳೆಂದು ಎಗ್ನೇಷಿಯಸ್ ಎಂಬವನು ಹೆಂಡತಿಯನ್ನು ದೊಣ್ಣೆಯಿಂದ ಹೊಡೆದು ಕೊಂದ. ರೋಮ್ ಕಟ್ಟಿದ ರಾಜ ರೊಮುಲಸ್ ಅವನನ್ನು ನಿರ್ದೋಷಿ ಎಂದ. ಇನ್ನೊಬ್ಬ ಗೃಹಿಣಿ ಉಗ್ರಾಣದ ಬೀಗದಕೈ ಇದ್ದ ಚೀಲ ಬಿಚ್ಚಿದಳೆಂದು ಮನೆಯವರೇ ಉಪವಾಸ ಕೆಡವಿ ಸಾಯಿಸಿದರು. ಮತ್ತೊಬ್ಬಳು ಗಂಡನಿಗೆ ತಿಳಿಯದಂತೆ ಆರೋಗ್ಯಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಕುಡಿದಳೆಂದು ನ್ಯಾಯಾಧೀಶನೊಬ್ಬ ಅವಳ ವರದಕ್ಷಿಣೆಯನ್ನೇ ದಂಡವಾಗಿ ಕಿತ್ತುಕೊಂಡ. ರೊಮುಲಸನ ಕಾಲದ್ದು ಐತಿಹ್ಯವೇ ಇರಬಹುದು. ಆದರೆ ಅದನ್ನು ಮೆಚ್ಚಿ ಹೇಳಿಕೊಂಡು ಬಂದ ಗಂಡಸರು ಐತಿಹ್ಯವಲ್ಲ. ಇಂದು ಇಂಗ್ಲಿಷಿನಲ್ಲಿ ಹೊಗಳಿಕೆಯಾಗಿರುವ ಪದ ಅಂದು ಹೆಂಗಸರ ಪಾಲಿಗೆ ಕಾವಲಾಗಿತ್ತು.

ಪ್ರ: ರೋಮನ್ನರು ವೈನ್‌ಗೆ ನೀರು ಬೆರೆಸಿ ಕುಡಿಯುತ್ತಿದ್ದರಂತೆ?
— ಓದುಗರು, ತುಮಕೂರು

ಉ: ಹೌದು, ಬಿಸಿನೀರನ್ನೂ ಬೆರೆಸುತ್ತಿದ್ದರು. ನೀರು ಸೋಕದ್ದಕ್ಕೆ ‘ಮೆರುಮ್’ ಎಂಬ ಪ್ರತ್ಯೇಕ ಹೆಸರು, ‘ಅಪ್ಪಟ’ ಎಂದರ್ಥ. ಅದನ್ನೇ ಕುಡಿಯುವವನು ಅನಾಗರಿಕನೆಂಬ ಲೆಕ್ಕ. ತಿಬೇರಿಯಸ್ ಕ್ಲಾಡಿಯಸ್ ನೀರೊ ಎಂಬುದು ತಿಬೇರಿಯಸ್ ಚಕ್ರವರ್ತಿಯ ಹುಟ್ಟುಹೆಸರು. ಅವನ ಕುಡಿತ ಕಂಡ ಸೈನಿಕರು ಅದನ್ನು ‘ಬಿಬೇರಿಯಸ್ ಕಾಲ್ಡಿಯಸ್ ಮೀರೊ’ ಎಂದು ತಿರುಚಿದರು: ಕುಡುಕ, ಬಿಸಿ, ಅಪ್ಪಟ. ಇಂಗ್ಲಿಷಿನ ‘ಮಿಯರ್’ ಇದೇ ಪದ. ಅಪ್ಪಟವಾದದ್ದು ಕಾಲಕ್ರಮದಲ್ಲಿ ‘ಬರಿಯ’ದಾಗಿ ಇಳಿಯಿತು.

ಪ್ರ: ಸರ್, ನಮ್ಮ ಹೋಟೆಲಿನಲ್ಲಿ ಗೋವಾ ಶೈಲಿಯ ವಿಂದಾಲೂ ಮಾಡುತ್ತೇವೆ. ‘ಆಲೂ ಎಲ್ಲಿ?’ ಎಂದು ಗಿರಾಕಿಗಳು ತಕರಾರು ತೆಗೆಯುತ್ತಾರೆ. ಏನು ಹೇಳಲಿ?
— ಹೋಟೆಲ್ ಮಾಲೀಕರು, ಹುಬ್ಬಳ್ಳಿ

ಉ: ಆಲೂ ಅಲ್ಲಿ ಯಾವತ್ತೂ ಇರಲಿಲ್ಲ ಎನ್ನಿ. ಪೋರ್ಚುಗೀಸರ ‘ವೀನ್ಯ ದಾಲ್ಯುಸ್’ ಮಾಂಸವನ್ನು ವೈನ್ ಮತ್ತು ಬೆಳ್ಳುಳ್ಳಿಯಲ್ಲಿ ನೆನೆಹಾಕುವ ಕ್ರಮ. ‘ವೀನ್ಯ’ದ ಹಿಂದೆ ನಮ್ಮ ವೀನುಮ್, ‘ಆಲ್ಯು’ವಿನ ಹಿಂದೆ ಬೆಳ್ಳುಳ್ಳಿಯ ಲ್ಯಾಟಿನ್ ಹೆಸರು ‘ಅಲ್ಲಿಯುಮ್’. ಗೋವೆಯ ಅಡುಗೆಯವರು ವೈನಿನ ಜಾಗದಲ್ಲಿ ತೆಂಗಿನ ಕಳ್ಳಿನ ಹುಳಿ ಹಾಕಿದರು, ಮೆಣಸಿನಕಾಯಿ ಅರೆದು ಸೇರಿಸಿದರು. ಉತ್ತರ ಭಾರತಕ್ಕೂ ಇಂಗ್ಲೆಂಡಿಗೂ ಹೋದಾಗ ‘ಆಲೂ’ ಎಂದು ಕೇಳಿಸಿಕೊಂಡವರು ಗಡ್ಡೆಯನ್ನೂ ಹಾಕಿದರು. ನೀವು ಹಾಕಬೇಡಿ.

ನಿಮ್ಮ ಅಡುಗೆಮನೆಯ ವಿನೆಗರ್ ಕೂಡ ಫ್ರೆಂಚಿನ ‘ಹುಳಿತ ವೈನ್’. ಸ್ಯಾಂಡ್‌ವಿಚ್ಚಿಗೆ ಸವರುವ ಮಸ್ಟರ್ಡ್ ಮೇಲೆ ಹೇಳಿದ ‘ಮುಸ್ತುಮ್’ನ ಮಗಳು, ಫ್ರಾನ್ಸಿನಲ್ಲಿ ಸಾಸಿವೆ ಅರೆದು ಹಸಿ ದ್ರಾಕ್ಷಿರಸದಲ್ಲಿ ಕಲಸುತ್ತಿದ್ದರು. ಕಲಸಿದ ರಸದ ಹೆಸರೇ ಸಾಸಿವೆಗೆ ಅಂಟಿತು.

ಪ್ರ: ವಿಂಟೇಜ್ ಕಾರು ಎನ್ನುತ್ತಾರಲ್ಲ, ಕಾರಿಗೂ ದ್ರಾಕ್ಷಿಗೂ ಏನು ಸಂಬಂಧ?
— ಗ್ಯಾರೇಜ್ ಮಾಲೀಕರು, ದಾವಣಗೆರೆ

ಉ: ‘ವೀನುಮ್’ಗೆ ‘ಕಿತ್ತು ತೆಗೆ’ ಎಂಬರ್ಥದ ‘ದೇಮೊ’ ಸೇರಿ ‘ವಿಂದೇಮಿಯ’, ದ್ರಾಕ್ಷಿ ಕೊಯ್ಲು. ಫ್ರೆಂಚರ ಕೈಯಲ್ಲಿ ‘ವಾಂದಾಂಜ್’, ಇಂಗ್ಲಿಷರ ಕೈಯಲ್ಲಿ ‘ವಿಂಟೇಜ್’. ಯಾವ ವರ್ಷದ ಕೊಯ್ಲು ಎಂಬುದು ವೈನ್‌ಗೆ ಮುಖ್ಯವಾದ್ದರಿಂದ ಅರ್ಥ ಮೆಲ್ಲಗೆ ‘ಒಳ್ಳೆಯ ಹಳೆಯ ಕಾಲದ್ದು’ ಎಂಬಲ್ಲಿಗೆ ಬಂತು. ಕಾರುಗಳಲ್ಲಿ ಬ್ರಿಟಿಷರು 1919ರಿಂದ 1930ರ ನಡುವಿನವನ್ನೇ ವಿಂಟೇಜ್ ಎನ್ನುವುದು. ಅಜ್ಜನ ಅಂಬಾಸಿಡರ್ ಆ ಲೆಕ್ಕಕ್ಕೆ ಬರುವುದಿಲ್ಲ, ಗಿರಾಕಿಗೆ ಬೇಜಾರಾಗದಂತೆ ಹೇಳಿ.

ಹಳೆಯದೆಲ್ಲ ಒಳ್ಳೆಯದೆಂಬ ಭ್ರಮೆಗೆ ರೋಮಿನಲ್ಲೇ ಮದ್ದಿದೆ. ಒಪಿಮಿಯಸ್ ಕಾನ್ಸಲ್ ಆಗಿದ್ದ ಕ್ರಿ.ಪೂ. 121ರ ಬೆಳೆ ಅಲ್ಲಿ ದಂತಕಥೆಯಾಗಿತ್ತು. ಸುಮಾರು ಇನ್ನೂರು ವರ್ಷ ಕಳೆದ ಮೇಲೆ ಅದರ ಜಾಡಿಗಳ ಬಗ್ಗೆ ಪ್ಲಿನಿ ಹೇಳುವುದು: ಕಹಿಯಾದ, ಜೇನಿನಂತೆ ಗಟ್ಟಿಯಾದ ವಸ್ತು, ಹಾಗೇ ಕುಡಿಯಲಾಗದು, ಬೇರೆ ವೈನ್‌ಗೆ ಚೂರು ಬೆರೆಸಲು ಮಾತ್ರ ಬಳಕೆ.

ಪ್ರ: ನಮಸ್ಕಾರ್ರೀ ಸರ. ನಮ್ದು ದ್ರಾಕ್ಷಿ ತೋಟ. ವೈನಿಗೆ ಕೊಡಂಗಿಲ್ಲ, ಮಣೂಕ ಮಾಡ್ತೀವಿ. ನಿಮ್ಮ ಲ್ಯಾಟಿನ್ ನಮ್ಮ ತೋಟದಾಗೂ ಐತೇನ್ರಿ?
— ದ್ರಾಕ್ಷಿ ಬೆಳೆಗಾರರು, ವಿಜಯಪುರ ಜಿಲ್ಲೆ

ಉ: ಬೇಕಾದಷ್ಟಿದೆ. ಏಪ್ರಿಲ್ಲಿನಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ನೀವು ಚಾಟನಿ ಮಾಡಿಸುತ್ತೀರಲ್ಲ, ರೋಮನ್ ರೈತರು ಅದಕ್ಕೆ ‘ಪುತಾರೆ’ ಎನ್ನುತ್ತಿದ್ದರು. ಬೇಡದ್ದನ್ನು ಸವರಿ ಚೊಕ್ಕ ಮಾಡುವುದು. ಅದೇ ಕ್ರಿಯಾಪದ ಮುಂದೆ ಲೆಕ್ಕ ಚೊಕ್ಕ ಮಾಡುವುದಕ್ಕೂ, ಆಮೇಲೆ ಎಣಿಸುವುದಕ್ಕೂ ಬಂತು. ವೈದ್ಯರು ಕೈಕಾಲು ಕತ್ತರಿಸುವ ‘ಆಂಪ್ಯುಟೇಷನ್’ನಲ್ಲಿ ಮೊದಲ ಅರ್ಥವಿದೆ, ‘ಕಂಪ್ಯೂಟರ್’ನಲ್ಲಿ ಎರಡನೆಯದು. ನಿಮ್ಮ ಕತ್ತರಿಗೂ ಮಗನ ಲ್ಯಾಪ್‌ಟಾಪಿಗೂ ಮುತ್ತಜ್ಜ ಒಬ್ಬನೇ.

ಮಣೂಕದ ಮಾತು. ಬಿಸಿಲಿಗೆ ಹರವಿ ಒಣಗಿಸಿದ ದ್ರಾಕ್ಷಿಯಿಂದ ರೋಮನ್ನರು ‘ಪಸ್ಸುಮ್’ ಎಂಬ ಸಿಹಿ ವೈನ್ ಮಾಡುತ್ತಿದ್ದರು. ಹೆಸರಿನ ಅರ್ಥವೇ ‘ಹರವಿದ್ದು’. ಅದರ ಕ್ರಮ ಅವರದ್ದಲ್ಲ, ಶತ್ರುಗಳಾದ ಕಾರ್ಥೇಜಿನವರದು. ಕ್ರಿ.ಪೂ. 146ರಲ್ಲಿ ಆ ನಗರವನ್ನು ನೆಲಸಮ ಮಾಡಿದ ಸೆನೆಟ್, ಅಲ್ಲಿನ ಮಾಗೊ ಎಂಬವನ ಇಪ್ಪತ್ತೆಂಟು ಸಂಪುಟಗಳ ಬೇಸಾಯ ಗ್ರಂಥವನ್ನು ಮಾತ್ರ ಲ್ಯಾಟಿನ್ನಿಗೆ ಅನುವಾದ ಮಾಡಿಸಲು ಆಜ್ಞೆ ಹೊರಡಿಸಿತು. ಮಾಗೊನ ಪಸ್ಸುಮ್ ವಿಧಾನವನ್ನು ಕೊಲುಮೆಲ್ಲ ತನ್ನ ಕೃಷಿ ಪುಸ್ತಕದಲ್ಲಿ ದಾಖಲಿಸಿದ್ದಾನೆ: ಬಿಸಿಲಲ್ಲಿ ಹರವು, ರಾತ್ರಿ ಇಬ್ಬನಿ ಬೀಳದಂತೆ ಮುಚ್ಚು. ಒಣಗಿಸುವ ಶೆಡ್ಡಿನಲ್ಲಿ ನಿಮಗೂ ಇದೇ ಚಿಂತೆ ತಾನೆ?

ಇನ್ನು ಬೋರ್‌ವೆಲ್ಲಿನಿಂದ ತೋಟಕ್ಕೆ ನೀರು ತರುವ ಪಿವಿಸಿ ಪೈಪು ನೋಡಿ. ಪಾಲಿ ವಿನೈಲ್ ಕ್ಲೋರೈಡ್. ದ್ರಾಕ್ಷಾರಸದ ಸತ್ವ ಎನಿಸಿದ್ದ ಈಥೈಲ್ ಆಲ್ಕೊಹಾಲಿಗೆ ಹತ್ತಿರದ ಒಂದು ಅಣುಗುಂಪಿಗೆ 19ನೇ ಶತಮಾನದ ನಡುವಿನಲ್ಲಿ ರಸಾಯನಶಾಸ್ತ್ರಜ್ಞರು ‘ವೀನುಮ್’ನಿಂದಲೇ ‘ವಿನೈಲ್’ ಎಂದು ಹೆಸರಿಟ್ಟರು. ಸಾಲುಗಳಲ್ಲಿ ಹರಿದಾಡುವ ಕರಿ ಡ್ರಿಪ್ ಪೈಪಿಗೆ ಈ ಭಾಗ್ಯವಿಲ್ಲ, ಅದು ಪಾಲಿಥೀನ್. ನಿಮ್ಮ ಬಡಗಿ ಬಾಗಿಲಿಗೆ ಹಚ್ಚುವ ಬಿಳಿ ಗೋಂದು ಪಾಲಿವಿನೈಲ್ ಅಸಿಟೇಟ್. ಅಲ್ಲಿ ‘ವಿನೈಲ್’ ವೈನ್‌ನದು, ‘ಅಸಿಟೇಟ್’ ವಿನೆಗರಿಗೆ ರೋಮನ್ನರು ಇಟ್ಟಿದ್ದ ‘ಅಸೇತುಮ್’ ಎಂಬ ಹೆಸರಿನದು.